ವಿಲಾಯಿತಿ ಷೇರಿನ ಮೂರು ಹಾಳೆ

ನನಗೆ ಗಣಿತ ಕಲಿಸಿದವರು ನರಗುಂದದ ಹೈಸ್ಕೂಲಿನ ಒಬ್ಬ ಮಾಸ್ತರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಮೊಮ್ಮಕ್ಕಳು ಇನ್ನೂ ಆ ಕಡೆಯೇ ಇದ್ದಾರೆ, ಅವರಿಗೂ ಇದಕ್ಕೂ ಏನೂ ಸಂಬಂಧವಿಲ್ಲ.

ಮಾಸ್ತರು ಕರಿಹಲಗೆಯ ಮೇಲೆ ತಪ್ಪು ಅಂಕಿ ಬರೆದರೆ ಅದನ್ನು ಒರೆಸುತ್ತಿರಲಿಲ್ಲ. ಅದರ ಮೇಲೊಂದು ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುತ್ತಿದ್ದರು. "ತಪ್ಪು ಕಾಣಬೇಕು. ಒರೆಸಿಬಿಟ್ರ ನಾಳೆ ಮತ್ತ ಅದ ತಪ್ಪು ಮಾಡ್ತೀರಿ" ಎನ್ನುತ್ತಿದ್ದರು. ಆ ರೂಢಿ ನನಗೂ ಬಂತು. ಮೆಟ್ರಿಕ್ ಪಾಸಾದ ಮೇಲೆ ನಮ್ಮಪ್ಪ ನನ್ನನ್ನು ಹತ್ತಿಯ ಅಂಗಡಿಗೆ ಹಚ್ಚಬೇಕೆಂದಿದ್ದ. ಮಾಸ್ತರು ನಮ್ಮ ಮನೆಯ ಕಟ್ಟೆಯ ಮೇಲೆ ಒಂದು ಮುಂಜಾನೆ ಪೂರ್ತಿ ಕುಳಿತು ಅಪ್ಪನನ್ನು ಒಪ್ಪಿಸಿದರು. ಮರುದಿನ ತಾವೇ ನನ್ನ ಜೊತೆ ಧಾರವಾಡಕ್ಕೆ ಬಂದು ಕಾಲೇಜಿಗೆ ಹೆಸರು ಹಚ್ಚಿಸಿ ಹೋದರು. ಡಿಗ್ರಿ ಮುಗಿಸಿ ರೋಣದ ಹೈಸ್ಕೂಲಿನಲ್ಲಿ ನಾನೂ ಗಣಿತದ ಮಾಸ್ತರನಾದಾಗ, ಆ ಸುದ್ದಿಯನ್ನು ಮನೆಯಲ್ಲಿ ಹೇಳುವುದಕ್ಕಿಂತ ಮೊದಲು ನರಗುಂದಕ್ಕೆ ಹೋಗಿ ಅವರಿಗೆ ಹೇಳಿದೆ.

ಇದು ಐವತ್ತರ ದಶಕದ ಮಾತು. ನಮ್ಮ ಕಡೆಯ ಊರುಗಳೆಲ್ಲ ಇನ್ನೂ ಮುಂಬಯಿ ರಾಜ್ಯದಲ್ಲಿದ್ದವು. ಅದೇ ವರ್ಷ ಯುಗಾದಿ ಮುಗಿದ ವಾರ ಅವರಿಂದ ನನಗೊಂದು ಕಾರ್ಡು ಬಂತು. ಅದರಲ್ಲಿ ಎರಡೇ ಸಾಲು: "ಒಂದು ಲೆಕ್ಕ ಇದೆ. ಬಂದು ಹೋಗು."

ಭಾನುವಾರ ಗದಗಿಗೆ ಹೋಗಿ ಅಲ್ಲಿಂದ ನರಗುಂದದ ಬಸ್ಸು ಹಿಡಿದೆ. ಮಾಸ್ತರು ಆಗ ನಿವೃತ್ತರಾಗಿ ಎರಡು ವರ್ಷವಾಗಿತ್ತು. ಅವರದು ಖಾಸಗಿ ಸಂಸ್ಥೆಯ ಶಾಲೆಯಾದ್ದರಿಂದ ಪಿಂಚಣಿ ಇರಲಿಲ್ಲ. ಮನೆಯಲ್ಲಿ ಅವರು ಮತ್ತು ಅವರ ಹೆಂಡತಿ ಇಬ್ಬರೇ. ನಾನು ಅವಲಕ್ಕಿ ತಿಂದು ಮುಗಿಸಿದ ಮೇಲೆ ಮಾಸ್ತರು ಒಳಗಿನಿಂದ ಒಂದು ತಗಡಿನ ಪೆಟ್ಟಿಗೆ ತಂದು ನನ್ನ ಮುಂದಿಟ್ಟರು. ಅದರಲ್ಲಿ ದಪ್ಪನೆಯ ನೀಲಿ ಕಾಗದವೊಂದಿತ್ತು. ಸುತ್ತಲೂ ಬಳ್ಳಿಯ ಅಂಚು, ನಡುವೆ ಇಂಗ್ಲಿಷಿನಲ್ಲಿ ಅವರ ಹೆಸರು. ಅದರ ಕೆಳಗೆ ವರ್ಷವರ್ಷ ಬಂದ ಕಂಪನಿಯ ಕಾಗದಗಳನ್ನು ದಾರ ಕಟ್ಟಿ ಜೋಡಿಸಿದ್ದರು.

"ಇದೇನ್ರಿ ಮಾಸ್ತರ್ರ?"

"ಷೇರು. ವಿಲಾಯಿತಿ ಕಂಪನೀದು" ಎಂದರು. "ನನ್ನ ಜೋಡಿ ಓದಿದಾಂವ ಒಬ್ಬ ಎಂಜಿನಿಯರ ಆಗಿ ಆ ಕಡೆ ಹೋಗಿದ್ದ. ಯುದ್ಧ ಸುರು ಆಗೂಕಿಂತ ಎರಡು ವರ್ಷ ಮೊದಲ ಊರಿಗೆ ಬಂದಾಗ, 'ಒಂದು ಸಾವಿರ ರೂಪಾಯಿ ಕೊಡು, ನಿನ್ನ ಹೆಸರ್ಲೆ ಒಂದು ಚಲೋ ಕಂಪನ್ಯಾಗ ಹಾಕ್ತೀನಿ' ಅಂದ. ಕೊಟ್ಟೆ. ಆಗ ಅದು ಭಾಳ ದೊಡ್ಡ ರಕಂ."

"ಏನ್ ಮಾಡ್ತಾರ್ರಿ ಈ ಕಂಪನ್ಯಾಗ?"

"ಲೆಕ್ಕದ ಮಷೀನು. ಅಂಕಿ ಒತ್ತಿ ಹಿಡಿಕಿ ತಿರುವಿದ್ರ ತಾನ ಕೂಡಿಸ್ತದಂತ, ಕಳೀತದಂತ. ನಮ್ಮಂಥ ಮಾಸ್ತರ್ರ ಹೊಟ್ಟಿ ಮ್ಯಾಲೆ ಹೊಡಿಯೋ ಕಂಪನಿಗೆ ನಾನ ರೊಕ್ಕ ಹಾಕೀನಿ ನೋಡು." ಅವರು ನಕ್ಕರು. ನಾನೂ ನಕ್ಕೆ.

ಅವರು ಕೇಳಿದ್ದು ಇಷ್ಟು. ಆ ಸಾವಿರ ರೂಪಾಯಿ ಇಷ್ಟು ವರ್ಷದಲ್ಲಿ ಖರೇ ಎಷ್ಟಾಗಿದೆ, ವರ್ಷಕ್ಕೆ ನೂರಕ್ಕೆ ಎಷ್ಟು ಬಿದ್ದಂತಾಯಿತು, ತೆಗೆದು ಕೊಡಬೇಕು. "ಕಣ್ಣು ಮಂಜು ಆಗ್ಯಾವ. ಇಲ್ಲಂದ್ರ ನಿನಗ ತ್ರಾಸು ಕೊಡತಿರಲಿಲ್ಲ."

ಮೇಲ್ನೋಟಕ್ಕೆ ಸುಲಭದ ಲೆಕ್ಕ. ಕೊಂಡ ಬೆಲೆ ಗೊತ್ತು, ಈಗಿನ ಬೆಲೆ ಗೊತ್ತಾದರೆ ಮುಗಿಯಿತು ಅಂದುಕೊಂಡು ಪೆಟ್ಟಿಗೆಯನ್ನು ಬಗಲಲ್ಲಿ ಇಟ್ಟುಕೊಂಡು ರೋಣಕ್ಕೆ ಬಂದೆ. ಕಾಗದಗಳನ್ನು ಬಿಚ್ಚಿ ಕುಳಿತಾಗ ಅದು ಎಷ್ಟು ಸಿಕ್ಕಾಗಿತ್ತು ಎಂಬುದು ತಿಳಿಯಿತು. ಕಂಪನಿ ನಡುವೆ ಒಂದು ಸಲ ಎರಡು ಷೇರಿಗೆ ಒಂದರಂತೆ ಪುಕ್ಕಟೆ ಕೊಟ್ಟಿತ್ತು. ಆಗ ಒಂದು ಷೇರಿನ ಬೆಲೆ ಇಳಿದಂತೆ ಕಂಡರೂ ಮಾಸ್ತರರಿಗೆ ನಷ್ಟವಾಗಿರಲಿಲ್ಲ. ಇನ್ನೊಂದು ಸಲ ಹೊಸ ಷೇರಿಗಾಗಿ ಮತ್ತೆ ಹಣ ಕೇಳಿತ್ತು, ಮಾಸ್ತರು ಕಳಿಸಿದ್ದರು. ಆಗ ಮೊತ್ತ ದೊಡ್ಡದಾಗಿ ಕಂಡರೂ ಅದು ಗಳಿಕೆಯಲ್ಲ, ಅವರದೇ ಹಣ. ಯುದ್ಧದ ವರ್ಷಗಳಲ್ಲಿ ಲಾಭಾಂಶದ ಕಾಗದವೇ ಬಂದಿರಲಿಲ್ಲ. ಬಂದ ವರ್ಷಗಳಲ್ಲಿ ಅಲ್ಲಿಯ ಸರಕಾರ ತನ್ನ ತೆರಿಗೆಯನ್ನು ಮೊದಲೇ ಮುರಿದುಕೊಂಡಿತ್ತು.

ಬೇಸಿಗೆ ರಜೆಯಲ್ಲಿ ಧಾರವಾಡಕ್ಕೆ ಹೋಗಿ ಹಳೆಯ ಗೆಳೆಯನ ಕೋಣೆಯಲ್ಲಿ ಎರಡು ವಾರ ಇದ್ದೆ. ಕಾಲೇಜಿನ ಗ್ರಂಥಾಲಯದಲ್ಲಿ ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ವರ್ಷವಾರು ಕಟ್ಟಿ ಇಟ್ಟಿದ್ದರು. ಲಂಡನ್ನಿನ ಷೇರು ಬೆಲೆಗಳ ಪಟ್ಟಿ ಕೆಲವು ದಿನ ಇರುತ್ತಿತ್ತು, ಕೆಲವು ದಿನ ಇರುತ್ತಿರಲಿಲ್ಲ. ಪ್ರತಿ ವರ್ಷ ಮಾರ್ಚ್ ಕೊನೆಯ ಬೆಲೆ ಹುಡುಕುವುದೆಂದು ನಿರ್ಧರಿಸಿದೆ. ಆ ದಿನದ ಹಾಳೆ ಹರಿದಿದ್ದರೆ ಅದರ ಹಿಂದಿನ ಮತ್ತು ಮುಂದಿನ ಬೆಲೆಗಳ ನಡುವಿನದನ್ನು ಹಿಡಿದು, ಪಕ್ಕದಲ್ಲಿ "ಅಂದಾಜು" ಎಂದು ಬರೆದುಕೊಂಡೆ. ಪೌಂಡನ್ನು ರೂಪಾಯಿಗೆ ತಿರುಗಿಸಿ, ಲಾಗರಿದಮ್ ಕೋಷ್ಟಕ ಹಿಡಿದು ಚಕ್ರಬಡ್ಡಿಯ ದರ ತೆಗೆದೆ. ಧೂಳಿನಿಂದ ಸೀನಿ ಸೀನಿ ಮೂಗು ಕೆಂಪಾದರೂ ಅಷ್ಟು ಸುಖವಾದ ಕೆಲಸವನ್ನು ನಾನು ಆ ತನಕ ಮಾಡಿರಲಿಲ್ಲ. ಕಲಿಸಿದವರು ಕೇಳಿದ್ದಾರೆ, ನಾನು ಮಾಡುತ್ತಿದ್ದೇನೆ ಎಂಬುದೇ ದೊಡ್ಡದಾಗಿತ್ತು.

ರೋಣಕ್ಕೆ ಮರಳಿದ ಮೇಲೆ ಇನ್ನೊಂದು ಕೆಲಸವನ್ನು ನನ್ನಷ್ಟಕ್ಕೆ ನಾನೇ ಹಚ್ಚಿಕೊಂಡೆ. ಪೇಟೆಯಲ್ಲಿ ಪರಿಚಯದ ದಲಾಲರೊಬ್ಬರಿದ್ದರು. ಅವರ ಅಪ್ಪನ ಕಾಲದ ಹಳೆಯ ಪುಸ್ತಕಗಳಲ್ಲಿ ಮಾಸ್ತರು ಷೇರು ಕೊಂಡ ವರ್ಷ ಜೋಳ ಯಾವ ಧಾರಣೆಗೆ ಹೋಗಿತ್ತು ನೋಡಿದೆ. ಆಗ ಸಾವಿರ ರೂಪಾಯಿಗೆ ಬರುತ್ತಿದ್ದಷ್ಟು ಜೋಳ ಕೊಳ್ಳಲು ಈಗ ಮೂರು ಸಾವಿರದ ಹತ್ತಿರ ಬೇಕಿತ್ತು. ಮಾಸ್ತರರ ಸಾವಿರ ರೂಪಾಯಿ, ಬಂದ ಲಾಭಾಂಶವನ್ನೆಲ್ಲ ಕೂಡಿಸಿ, ಅವರು ನಡುವೆ ಕಳಿಸಿದ ಹಣವನ್ನು ಕಳೆದರೆ, ಎರಡು ಸಾವಿರದ ನಾನೂರರ ಆಚೀಚೆ ಆಗಿತ್ತು. ಅಂದರೆ ವರ್ಷಕ್ಕೆ ನೂರಕ್ಕೆ ಐದು ರೂಪಾಯಿಯ ಮೇಲೆ ಸ್ವಲ್ಪ. ಜೋಳದ ಲೆಕ್ಕದಲ್ಲಿ ನೋಡಿದರೆ ನಷ್ಟ.

ಇದನ್ನೆಲ್ಲ ಮೂರು ಹಾಳೆಗಳಲ್ಲಿ ಚೆಂದಾಗಿ ನಕಲು ಮಾಡಿದೆ. ಮೊದಲನೆಯದರಲ್ಲಿ ಕೊಂಡ ದಿನದಿಂದ ಯುದ್ಧದ ನಡುವಿನವರೆಗೆ, ಬೆಲೆ ಕುಸಿದು ಮೂರರಲ್ಲಿ ಒಂದು ಪಾಲು ಕರಗಿದ ವರ್ಷಗಳು. ಎರಡನೆಯದರಲ್ಲಿ ಆ ತಳದಿಂದ ಅದು ಮೇಲೆದ್ದು ಬಂದ ಆರು ವರ್ಷಗಳು. ಅವು ಭರ್ಜರಿ ವರ್ಷಗಳು, ಮೊತ್ತ ಮೂರು ಪಟ್ಟಾಗಿತ್ತು. ಮೂರನೆಯದರಲ್ಲಿ ಆಮೇಲೆ ಕಾಲು ಎಳೆಯುತ್ತ ನಡೆದ ವರ್ಷಗಳು, ಒಟ್ಟು ಲೆಕ್ಕ, ಜೋಳದ ಹೋಲಿಕೆ ಮತ್ತು ಕೊನೆಯ ಉತ್ತರ.

ಪೆಟ್ಟಿಗೆಯ ಜೊತೆ ನರಗುಂದಕ್ಕೆ ಒಯ್ದು ಕೊಟ್ಟಾಗ ಮಾಸ್ತರು ಹಾಳೆಗಳನ್ನು ಕಣ್ಣಿನ ಹತ್ತಿರ ಹಿಡಿದು ಒಂದೊಂದಾಗಿ ಓದಿದರು. ಜೋಳದ ಸಾಲಿಗೆ ಬಂದಾಗ ಬೆರಳು ನಿಂತಿತು.

"ಅಂದ್ರ ಈ ರೊಕ್ಕಕ್ಕ ಅವತ್ತ ಜ್ವಾಳ ತಗೊಂಡು ನೆಲದ ಹಗೇದಾಗ ತುಂಬಿಟ್ಟಿದ್ರ ಇದಕ್ಕಿಂತ ಬೇಷ್ ಆಗ್ತಿತ್ತು."

"ಜ್ವಾಳ ಅಷ್ಟು ವರ್ಷ ಹಗೇದಾಗ ಇರೂದಿಲ್ರಿ. ಆದ್ರ ಲೆಕ್ಕ ಹಂಗ ಬರ್ತೈತ್ರಿ."

"ಇನ್ನ ಮುಂದ ಏರ್ತದೇನು?"

"ಅದು ಇದರಾಗ ಗೊತ್ತಾಗೂದಿಲ್ರಿ. ಆಗಿದ್ದು ಅಷ್ಟ ಹೇಳ್ತೈತ್ರಿ."

ಅವರು ಹಾಳೆಗಳನ್ನು ಮಡಿಸಿ, "ಭಾಳ ಚಲೋ ಮಾಡೀದಿ. ಬರೋಬರಿ ಅದ" ಎಂದು ನನ್ನ ಬೆನ್ನ ಮೇಲೆ ಕೈ ಇಟ್ಟರು. ಅವರಿಗೆ ಬೇಸರವಾಗಿರಬಹುದು ಎಂದು ನನಗೆ ಕೆಡುಕೆನಿಸಿತು. ಬರುವಾಗ ನಾನೇ ಸಮಾಧಾನ ಹೇಳಿ ಬಂದೆ.

ಅದಾಗಿ ಒಂದೂವರೆ ವರ್ಷವಾಯಿತು. ಆ ನಡುವೆ ಎರಡು ಸಲ ಅವರ ಮನೆಗೆ ಹೋಗಿದ್ದೆ. ಊಟ ಹಾಕಿದರು, ಶಾಲೆಯ ಸುದ್ದಿ ಕೇಳಿದರು. ಷೇರಿನ ಮಾತು ತೆಗೆಯಲಿಲ್ಲ. ನಾನೂ ಕೇಳಲಿಲ್ಲ.

ರೋಣದ ಬಜಾರಿನಲ್ಲಿ ಗಡಿಯಾರ ರಿಪೇರಿ ಮಾಡುವ ಒಬ್ಬ ಮುಸಲ್ಮಾನ ಹಿರಿಯರಿದ್ದರು. ನಾನು ಅವರನ್ನು ಸಾಹೇಬ್ರ ಎಂದು ಕರೆಯುತ್ತಿದ್ದೆ. ಗಡಿಯಾರವಲ್ಲದೆ ಹೊಲಿಗೆ ಯಂತ್ರ, ಗ್ರಾಮೊಫೋನು ಏನು ಕೊಟ್ಟರೂ ಬಿಚ್ಚಿ ಜೋಡಿಸುತ್ತಿದ್ದರು. ಶಾಲೆ ಬಿಟ್ಟ ಮೇಲೆ ಸಂಜೆ ಅವರ ಅಂಗಡಿಯ ಸ್ಟೂಲಿನ ಮೇಲೆ ಒಂದು ತಾಸು ಕುಳಿತು ಚಹಾ ಕುಡಿದು ಹೋಗುವುದು ನನ್ನ ರೂಢಿ. ದಸರೆ ಮುಗಿದ ಮೇಲೆ ಒಂದು ಸಂಜೆ ಅವರು ಕಣ್ಣಿಗೆ ಹಚ್ಚಿದ್ದ ಭೂತಗನ್ನಡಿ ತೆಗೆದಿಟ್ಟು, ಸಂಕೋಚದಿಂದ ಕೇಳಿದರು.

"ಮಾಸ್ತರ್ರ, ತಪ್ಪು ತಿಳೀಬ್ಯಾಡ್ರಿ. ಈ ಸಲ ಆ ವಿಲಾಯಿತಿ ಕಂಪನಿ ರೊಕ್ಕ ಇನ್ನೂ ಬಂದಿಲ್ಲಲ್ರಿ. ಹ್ವಾದ ದಸರಾಕ್ಕ ಬಂದಿತ್ತು."

"ಯಾವ ಕಂಪನಿ ರೊಕ್ಕರಿ?"

ಅವರು ನನ್ನ ಮುಖ ನೋಡಿದರು. ಡ್ರಾಯರಿನ ತಳದಿಂದ ನಾಲ್ಕು ಮಡಿಕೆಯ ಒಂದು ಹಾಳೆ ತೆಗೆದು ನನ್ನ ಮುಂದೆ ಹರವಿದರು. "ಇದು ನಿಮ್ಮ ಅಕ್ಷರ ಅಲ್ಲೇನ್ರಿ?"

ನನ್ನ ಅಕ್ಷರವೇ. ಮೂರು ಹಾಳೆಗಳಲ್ಲಿ ನಡುವಿನದು. ನಾನು ಬರೆದ ಯಾವ ಅಂಕಿಯೂ ಬದಲಾಗಿರಲಿಲ್ಲ. ತಳದ ವರ್ಷದಿಂದ ಮೂರು ಪಟ್ಟಾದ ತನಕ, ಸಾಲಿನ ಮೇಲೆ ಸಾಲು, ಏರುತ್ತ ಏರುತ್ತ. ಎಲ್ಲಕ್ಕೂ ಕೆಳಗೆ ಮಾಸ್ತರರ ಕೈಯಲ್ಲಿ ಒಂದು ಸಾಲು ಕೂಡಿಸಿತ್ತು: "ವರ್ಷಕ್ಕೆ ಶೇಕಡಾ ಇಪ್ಪತ್ತು." ಅದೂ ಸುಳ್ಳಲ್ಲ. ಆ ಆರು ವರ್ಷಗಳನ್ನು ಮಾತ್ರ ಹಿಡಿದರೆ ಅಷ್ಟೇ ಬರುತ್ತದೆ.

ಸಾಹೇಬರು ಹೇಳಿದ್ದನ್ನು ಕೇಳುತ್ತ ನನ್ನ ಕೈಯ ಚಹಾ ಆರಿಹೋಯಿತು. ಮಾಸ್ತರು ನನ್ನ ಹೆಸರು ಹೇಳಿಕೊಂಡು ಅವರ ಅಂಗಡಿಗೆ ಬಂದು, ತಮ್ಮ ಬಳಿ ಲೆಕ್ಕದ ಯಂತ್ರ ಮಾಡುವ ಕಂಪನಿಯ ಷೇರು ಇದೆ, ವಯಸ್ಸಾಯಿತು, ನಂಬಿಗಸ್ತರಿಗೆ ಪಾಲು ಮಾಡಿ ಕೊಡುತ್ತಿದ್ದೇನೆ ಎಂದಿದ್ದರು. ಸರಕಾರ ಈಗ ಹೊರದೇಶಕ್ಕೆ ಹಣ ಕಳಿಸಲು ಸುಲಭಕ್ಕೆ ಬಿಡುವುದಿಲ್ಲ, ಹೊಸದಾಗಿ ಕೊಳ್ಳಲು ಯಾರಿಗೂ ಆಗುವುದಿಲ್ಲ, ಅದಕ್ಕೇ ಇದಕ್ಕೆ ಇಷ್ಟು ಬೆಲೆ. ಷೇರು ತಮ್ಮ ಹೆಸರಿನಲ್ಲೇ ಇರುತ್ತದೆ, ಬಂದ ಲಾಭ ಹಂಚುತ್ತೇನೆ ಎಂದು ಸ್ಟ್ಯಾಂಪ್ ಕಾಗದದ ಮೇಲೆ ಬರೆದೂ ಕೊಟ್ಟಿದ್ದರು. ಸಾಹೇಬರು ಗದಗಿನ ಹತ್ತಿ ಪ್ರೆಸ್ಸಿನಲ್ಲಿ ಒಮ್ಮೆ ಅದೇ ಕಂಪನಿಯ ಯಂತ್ರ ರಿಪೇರಿ ಮಾಡಿದ್ದರು.

"ಒಳಗಿನ ಹಲ್ಲು, ಗಾಲಿ ಏನ್ ಕೆಲಸ ಅಂತೀರಿ, ಕೂದಲೆಳಿ ಅಂತರ ಇಲ್ಲ. ಹಂಥಾ ಮಷೀನು ಮಾಡಾವ್ರು ಮೋಸ ಮಾಡೂದಿಲ್ಲ ಅನಿಸ್ತು. ಮ್ಯಾಲೆ ನಿಮ್ಮ ಅಕ್ಷರ ಬ್ಯಾರೆ. ಐದು ನೂರು ಕೊಟ್ಟೆ."

"ನನ್ನ ಒಂದು ಮಾತು ಕೇಳಲಿಲ್ಲಲ್ರಿ ಸಾಹೇಬ್ರ."

"ಲೆಕ್ಕ ಬರದಾವ್ರು ನೀವ ಅಲ್ರಿ. ನಿಮಗ ಗೊತ್ತಿಲ್ಲದ ಇರತೈತೇನು? ಉಪಕಾರ ಮಾಡಿ ಸುಮ್ಮನ ಅದಾರ, ಮಾತು ತಗದ್ರ ಸಂಕೋಚ ಪಡ್ತಾರ ಅಂತ ನಾನೂ ಸುಮ್ಮನಿದ್ದೆ."

ಒಂದು ವರ್ಷಕ್ಕೂ ಮಿಕ್ಕಿ ದಿನಾ ಸಂಜೆ ನಾನು ಆ ಸ್ಟೂಲಿನ ಮೇಲೆ ಕುಳಿತಿದ್ದೆ. ಆ ಹಾಳೆ ನನ್ನ ಮೊಣಕಾಲಿನಿಂದ ಒಂದು ಗೇಣು ದೂರದ ಡ್ರಾಯರಿನಲ್ಲಿತ್ತು.

"ಮತ್ತ ಯಾರ್‍ಯಾರು ಕೊಟ್ಟಾರ್ರಿ?" ಎಂದೆ.

"ನನಗಿಂತ ಮೊದಲ ಇದ ಹಾಳಿ ನೋಡಿ ಲಕ್ಕಲಕಟ್ಟಿ ಗೌಡರೊಬ್ರು ಕೊಟ್ಟಿದ್ರಂತ. ಆಮ್ಯಾಲ ಗಜೇಂದ್ರಗಡದಾಗ ನಿಮ್ಮ ಅಕ್ಕಾರು." ಅವರು ಇದನ್ನು ನನಗೆ ತಿಳಿದ ಸಂಗತಿ ಎಂಬಂತೆಯೇ ಹೇಳಿದರು.

ಮರುದಿನ ಶಾಲೆಗೆ ರಜೆ ಹಾಕಿ ಸೈಕಲ್ ಮೇಲೆ ಗಜೇಂದ್ರಗಡಕ್ಕೆ ಹೋದೆ. ಅಕ್ಕನ ಮನೆಯಲ್ಲಿ ಎರಡು ಮಗ್ಗ. ಒಂದರ ಮೇಲೆ ಅವಳ ಗಂಡ, ಇನ್ನೊಂದರ ಮೇಲೆ ಅವನ ತಮ್ಮ ಸೀರೆ ನೇಯುತ್ತಿದ್ದರು. ಅಕ್ಕ ಪಡಸಾಲೆಯಲ್ಲಿ ನೂಲಿನ ಕಂಡಕಿ ಸುತ್ತುತ್ತ ಕುಳಿತಿದ್ದಳು. ನನ್ನನ್ನು ನೋಡಿ ಎದ್ದು ನೀರು ತಂದುಕೊಟ್ಟಳು. ಅವಳ ಕೊರಳಲ್ಲಿ ಬಂಗಾರದ ಬೋರಮಾಳ ಇರಲಿಲ್ಲ. ಅವ್ವ ಅವಳ ಮದುವೆಯಲ್ಲಿ ಹಾಕಿದ್ದು.

"ಅಕ್ಕಾ, ನಮ್ಮ ಮಾಸ್ತರು ಬಂದಿದ್ರೇನು?"

"ಬಂದಿದ್ರು. ನಿನಗ ಹೇಳಿದ್ರೇನು ಕಡೀಕೂ?" ಎಂದು ಅವಳು ನಕ್ಕಳು. "ಮೂರನೇ ಮಗ್ಗ ಹಾಕಬೇಕಂತ ಮಾಡಿದ್ವಿ. ಅವರ ಅಂದ್ರು, ಎರಡು ವರ್ಷ ಇದರಾಗ ಇಡ್ರಿ, ನಾಕನೇದೂ ಹಾಕೀರಂತ ಅಂದ್ರು."

"ನನಗ್ಯಾಕ ಹೇಳಲಿಲ್ಲ?"

"ಅವರ ಬ್ಯಾಡ ಅಂದ್ರು. 'ಅವಗ ಹೇಳಬ್ಯಾಡ್ರಿ, ಲೆಕ್ಕ ತಗದಾಂವ ಅವನ, ಆದ್ರ ತನಗ ಹಾಕಾಕ ರೊಕ್ಕ ಇಲ್ಲ ಅಂತ ಮನಸ್ಸಿಗೆ ಹಚಗೋತಾನ' ಅಂದ್ರು. ನನಗೂ ಖರೆ ಅನಿಸ್ತು."

ನಾನು ಎಲ್ಲವನ್ನೂ ಹೇಳಿದೆ. ಮೊದಲ ಹಾಳೆಯಲ್ಲಿ ಏನಿತ್ತು, ಕೊನೆಯದರಲ್ಲಿ ಏನಿತ್ತು. ಮಗ್ಗದ ಸದ್ದು ನಿಂತಿತು. ಅವಳ ಗಂಡ ಮಗ್ಗದ ಗುಂಡಿಯಲ್ಲಿ ಕುಳಿತಲ್ಲಿಂದಲೇ ನನ್ನತ್ತ ನೋಡುತ್ತಿದ್ದ. ಅಕ್ಕ ನಿಧಾನಕ್ಕೆ ಹೇಳಿದಳು.

"ನಾ ಅವರ ಮಾರಿ ನೋಡಿ ಕೊಡಲಿಲ್ಲ, ತಮ್ಮಾ. ನಿನ್ನ ಅಕ್ಷರ ನೋಡಿ ಕೊಟ್ಟೆ."

ಆಮೇಲೆ ಊಟಕ್ಕೆ ಎಬ್ಬಿಸಿದಳು. ಅವಳೇ ಬಡಿಸಿದಳು, ಆದರೆ ಎದುರು ಕೂರಲಿಲ್ಲ.

ಭಾನುವಾರದವರೆಗೆ ಕಾದು ನರಗುಂದಕ್ಕೆ ಹೋದೆ. ಬಸ್ಸಿನಲ್ಲಿ ಏನೇನೋ ಮಾತು ಜೋಡಿಸಿಕೊಂಡಿದ್ದೆ. ಹೊಸ್ತಿಲು ದಾಟಿದಾಗ ಮಾಸ್ತರು ಎಂದಿನಂತೆ, "ಬಾರಪ್ಪಾ, ಬಾ" ಎಂದರು. ನಾನು ಕುಳಿತುಕೊಳ್ಳಲಿಲ್ಲ. ಸಾಹೇಬರಿಂದ ಕೇಳಿ ತಂದಿದ್ದ ಹಾಳೆಯನ್ನು ಅವರ ಮುಂದಿಟ್ಟೆ.

"ಮಾಸ್ತರ್ರ, ಉಳಿದ ಎರಡು ಹಾಳಿ ಎಲ್ಲಿ ಅದಾವ್ರಿ?"

ಅವರು ಹಾಳೆಯನ್ನು ಎತ್ತಲಿಲ್ಲ. "ಒಳಗ ಅದಾವ."

"ಅವನ್ಯಾಕ ತೋರಿಸ್ಲಿಲ್ರಿ?"

"ನಾ ಒಂದು ಅಂಕಿ ತಿದ್ದೀನೇನು? ನೋಡು. ಒಂದನ್ನೂ ಮುಟ್ಟಿಲ್ಲ."

"ತಿದ್ದಿಲ್ರಿ. ಅದಕ್ಕ ಕೇಳಾಕತ್ತೀನಿ."

ಅವರು ಕಿಟಕಿಯಾಚೆ ನೋಡಿದರು. ಅಲ್ಲಿಂದ ನರಗುಂದದ ಗುಡ್ಡ ಕಾಣುತ್ತದೆ. ನಾನು, "ಸರ್ಟಿಫಿಕೇಟು ತೋರಿಸ್ರಿ. ಇದ್ದದ್ದನ್ನರ ಅವರ ಹೆಸರಿಗೆ ಮಾಡೂಣು" ಎಂದೆ. ಅವರು ಏಳಲಿಲ್ಲ. ಅಡಿಗೆಮನೆಯಿಂದ ಅವರ ಹೆಂಡತಿ, ನಮ್ಮ ಮಾತಿನ ಹಿಂದುಮುಂದು ತಿಳಿಯದೆ, ಕೂಗಿ ಹೇಳಿದರು.

"ಅದು ಇಲ್ಲೆಲ್ಲಿ ಅದಪ್ಪಾ? ನೀ ಲೆಕ್ಕ ಕೊಟ್ಟು ಹ್ವಾದ ವಾರನ ಮುಂಬಯಿಗೆ ರಜಿಸ್ಟರ್ ಮಾಡಿ ಕಳಿಸಿದ್ರಲ್ಲ, ಮಾರಾಕ."

ನನಗೆ ಆ ಕ್ಷಣದಲ್ಲಿ ಎಲ್ಲವೂ ತಿಳಿಯಿತು. ನನ್ನ ಮೂರೂ ಹಾಳೆಗಳನ್ನು ಪೂರ್ತಿ ನಂಬಿದವರು ಅವರೊಬ್ಬರೇ. ಅವುಗಳನ್ನು ನಂಬಿಯೇ ತಮ್ಮ ಷೇರನ್ನು ಮಾರಿದ್ದರು. ಆಮೇಲೆ ನಡುವಿನ ಹಾಳೆಯೊಂದನ್ನು ಹಿಡಿದು, ತಮ್ಮ ಬಳಿ ಇಲ್ಲದೇ ಇದ್ದ ಷೇರನ್ನು ಇನ್ನೊಮ್ಮೆ ಮಾರಿದ್ದರು. ಹೋದ ದಸರೆಗೆ ಲಾಭವೆಂದು ಹಂಚಿದ್ದು ಕೊಂಡವರದೇ ಹಣದ ಒಂದು ಚೂರು.

"ಬರೋಬರಿ ತಗದಿದ್ದಿ ನೀ" ಎಂದರು ಮಾಸ್ತರು. ಅವರ ದನಿ ತರಗತಿಯಲ್ಲಿದ್ದಂತೆಯೇ ಇತ್ತು. "ಅದನ್ನ ನೋಡಿದ ಮ್ಯಾಲೂ ನಾ ಇಟಗೊಂಡಿದ್ರ ನನಗ ಗಣಿತ ಬರೂದಿಲ್ಲ ಅಂತ ಆಗ್ತಿತ್ತು."

"ಅದ ಗಣಿತ ಅವರಿಗೆ ಯಾಕ ಹೇಳಲಿಲ್ರಿ? ನಮ್ಮ ಅಕ್ಕಗ?"

ಅವರು, ನನಗಲ್ಲ, ಗೋಡೆಗೆ ಹೇಳುವಂತೆ ಹೇಳಿದರು. "ಮೂವತ್ತು ವರ್ಷ ಕಲಿಸೀನಿ. ನನ್ನ ಕಡೆ ಕಲ್ತಾವ್ರು ಮಾಮಲೇದಾರ ಆದ್ರು, ದಲಾಲಿ ಅಂಗಡಿ ಹಾಕಿದ್ರು. ಮುದುಕ ಏನ್ ತಿಂತಾನ ಅಂತ ಯಾರ ಕೇಳ್ಯಾರ? ಒಂದೊಂದು ವರ್ಷಕ್ಕ ಒಬ್ಬೊಬ್ರು ಹತ್ತು ರೂಪಾಯಿ ಕೊಟ್ರೂ ನನಗ ಸಾಕಾಗ್ತಿತ್ತು."

"ನನ್ನ ಕೇಳಬೇಕಿತ್ತಲ್ರಿ. ನನ್ನ ಪಗಾರದಾಗ ಕೊಡತಿದ್ದೆ."

"ನಿನ್ನ ಹತ್ರ ಏನದ, ಕೊಡಾಕ?"

ಅವರು ಅದನ್ನು ಹೀನಾಯವಾಗಿ ಹೇಳಲಿಲ್ಲ. ಇದ್ದ ಸಂಗತಿಯನ್ನು ಹೇಳಿದರು. ಸಾಹೇಬರೂ ಅಕ್ಕನೂ ಮಾಸ್ತರು ಕಲಿಸಿದ ಮಕ್ಕಳೇನೂ ಆಗಿರಲಿಲ್ಲ, ಅವರಿಬ್ಬರ ಮೇಲೆ ಯಾವ ಋಣವೂ ಇರಲಿಲ್ಲ ಎಂಬ ಮಾತು ನನಗೆ ಹೊಳೆದದ್ದು ತಿರುಗಿ ಬರುವ ಬಸ್ಸಿನಲ್ಲಿ. ಆಡಬೇಕಾದಾಗ ಆಡಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಅವರ ಹೆಂಡತಿ, "ಚಹಾಕ್ಕ ಇಟ್ಟೀನಿ, ಕುಡೀದ ಹೊಂಟ್ಯಲ್ಲ" ಎಂದರು. ನಾನು ಹೊರಟುಬಿಟ್ಟೆ.

ಮುಂದಿನ ತಿಂಗಳುಗಳು ಹೇಸಿಕೆಯವು. ಲಕ್ಕಲಕಟ್ಟಿಯ ಗೌಡರಿಗೆ ಹೇಳಲು ಹೋದರೆ ಅವರು ನಂಬಲಿಲ್ಲ. "ಅಂಥಾ ದೊಡ್ಡ ಮನುಷ್ಯಾನ ಮ್ಯಾಲೆ ನೀ ಹಿಂಗ ಹೇಳ್ತೀಯಲ್ಲ, ಅವರ ಕಡೆ ಕಲ್ತಾಂವ. ಲೆಕ್ಕ ಬರದು ಕೊಟ್ಟಾಂವ ನೀ. ನಿನಗ ಪಾಲು ಬರಲಿಲ್ಲೇನು?" ಎಂದರು. ಅವರು ಅದನ್ನು ಪೇಟೆಯಲ್ಲೂ ಹೇಳಿದರು. ಕೆಲವು ದಿನ ನಮ್ಮ ಶಾಲೆಯ ಮಾಸ್ತರುಗಳು ನಾನು ಬಂದರೆ ಮಾತು ನಿಲ್ಲಿಸುತ್ತಿದ್ದರು. ಹೆಡ್ಮಾಸ್ತರು ಕರೆದು ಕೇಳಿದಾಗ ನನ್ನ ಟಿಪ್ಪಣಿ ಪುಸ್ತಕವನ್ನೇ ಅವರ ಮುಂದಿಟ್ಟೆ. ಧಾರವಾಡದಲ್ಲಿ ಬರೆದುಕೊಂಡದ್ದೆಲ್ಲ ಅದರಲ್ಲಿತ್ತು, ಅಡ್ಡಗೆರೆ ಎಳೆದ ತಪ್ಪುಗಳೂ ಸೇರಿ. ಅವರು ಎಲ್ಲವನ್ನೂ ನೋಡಿ, ಒಮ್ಮೆ ಮಾತ್ರ, "ಇಷ್ಟೆಲ್ಲಾ ಮಾಡೂದೇನಿತ್ತು?" ಎಂದರು.

ಕೊನೆಗೆ ನರಗುಂದದ ನಾಲ್ಕು ಜನ ಹಿರಿಯರನ್ನು ಕೂಡಿಸಿದೆವು. ಮಾಸ್ತರು ವಾದ ಮಾಡಲಿಲ್ಲ. ಹಿತ್ತಿಲ ಕಡೆಯ ಜಾಗ ಮಾರಿ ಕೊಡುತ್ತೇನೆ ಎಂದು ಒಪ್ಪಿದರು. ಮಾರಿ ಬಂದದ್ದರಲ್ಲಿ ಕೊಟ್ಟವರಿಗೆಲ್ಲ ಅವರವರ ಹಣದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತಿರುಗಿ ಬಂತು. ಲಕ್ಕಲಕಟ್ಟಿಯ ಗೌಡರು ತಮ್ಮದನ್ನು ತೆಗೆದುಕೊಂಡರು, ಆದರೆ ನನ್ನ ಜೊತೆ ಮಾತಾಡಲಿಲ್ಲ. ಮಾಸ್ತರು ಮನೆಯನ್ನು ಬಾಡಿಗೆಗೆ ಕೊಟ್ಟು, ಹೆಂಡತಿಯನ್ನು ಕರೆದುಕೊಂಡು ಬಾಗಲಕೋಟೆಯ ಮಗಳ ಮನೆಗೆ ಹೋದರು.

ಸಾಹೇಬರಿಗೆ ಉಳಿದದ್ದನ್ನು ನಾನು ಪಗಾರದಲ್ಲಿ ತಿಂಗಳು ತಿಂಗಳು ಕೊಡುತ್ತೇನೆ ಎಂದಾಗ ಅವರು ಕೈ ಮುಂದೆ ಮಾಡಲಿಲ್ಲ. "ನೀವ್ಯಾಕ ಕೊಡ್ತೀರಿ? ತಗೊಂಡಾವ್ರು ಅವ್ರು."

"ಅಕ್ಷರ ನಂದ ಐತ್ರಿ."

ಮೂರು ತಿಂಗಳು ಹಾಗೆಯೇ ಹೇಳಿ ತಿರುಗಿ ಕಳಿಸಿದರು. ನಾಲ್ಕನೆಯ ತಿಂಗಳು ಅಂಗಡಿಯ ಬಾಡಿಗೆ ಏರಿತ್ತು. ಆಗ ತೆಗೆದುಕೊಂಡರು. ಸಂಜೆಯ ಚಹಾ ನಿಲ್ಲಲಿಲ್ಲ. ಆದರೆ ಮೊದಲಿನಂತೆ ಅವರು ನನ್ನನ್ನು ಏನನ್ನೂ ಕೇಳುತ್ತಿರಲಿಲ್ಲ. ಪತ್ರಿಕೆಯಲ್ಲಿ ಬಂದ ಸುದ್ದಿ ಖರೆಯೇ, ಪೋಸ್ಟಿನ ಬಡ್ಡಿ ಎಷ್ಟು, ಇಂಥವನ್ನೆಲ್ಲ ಮೊದಲು ನನ್ನನ್ನೇ ಕೇಳುತ್ತಿದ್ದರು. ಈಗ ಬೇರೆ ಯಾರನ್ನೋ ಕೇಳುತ್ತಿದ್ದರು, ಕೆಲವೊಮ್ಮೆ ನಾನು ಅಲ್ಲೇ ಕುಳಿತಿದ್ದಾಗಲೂ.

ನಾನು ಶಾಲೆಯಲ್ಲಿ ಚಕ್ರಬಡ್ಡಿಯ ಪಾಠ ಮಾಡುವಾಗ ದನಿ ಒಣಗುತ್ತಿತ್ತು. ಮಾಸ್ತರು ಹೇಳಿಕೊಟ್ಟ ರೀತಿಯಲ್ಲಲ್ಲದೆ ಬೇರೆ ರೀತಿಯಲ್ಲಿ ಅದನ್ನು ಹೇಳಲು ನನಗೆ ಬರುತ್ತಿರಲಿಲ್ಲ. ಅವರ ಮಾತು, ಅವರ ಉದಾಹರಣೆ, ಕೊನೆಗೆ ಸುಣ್ಣದ ಕಡ್ಡಿ ಹಿಡಿಯುವ ರೀತಿಯೂ ಅವರದೇ. ಸಿಟ್ಟು ಬಂದರೂ ಅವರಿಂದ ಕಲಿತದ್ದನ್ನು ಕೈಯಿಂದ ಕಿತ್ತು ಹಾಕುವಂತಿರಲಿಲ್ಲ. ಹಣ ಹೋದವರಿಗೆ ತಮ್ಮ ಸಂಕಟವನ್ನು ಹೇಳಿಕೊಳ್ಳಲು ಬರುತ್ತಿತ್ತು. ನನ್ನ ಸಂಕಟವನ್ನು ಯಾರ ಮುಂದೆ ಹೇಳಿದರೂ, "ನಿಂದೇನು ಹೋತು?" ಎನ್ನುತ್ತಿದ್ದರು.

ಮೂರು ವರ್ಷದ ಮೇಲೆ ಗಜೇಂದ್ರಗಡದಲ್ಲಿ ಅಕ್ಕನ ಮನೆಯ ಮುಂದೆಯೇ ಹಂದರ ಹಾಕಿ ನನ್ನ ಮದುವೆ ಮಾಡಿದರು. ಆಗ ನಾವು ಮೈಸೂರು ರಾಜ್ಯಕ್ಕೆ ಸೇರಿದ್ದೆವು. ನಾನು ಮಾಸ್ತರರಿಗೆ ಲಗ್ನಪತ್ರಿಕೆ ಕಳಿಸಿರಲಿಲ್ಲ. ಯಾರು ಹೇಳಿದರೋ, ಅಕ್ಕಿಕಾಳು ಬೀಳುವ ಹೊತ್ತಿಗೆ ಅವರು ಹಂದರದ ಕಂಬದ ಹತ್ತಿರ ನಿಂತಿದ್ದರು. ಬಹಳ ಇಳಿದುಹೋಗಿದ್ದರು. ಕೋಟಿನ ತೋಳು ಉದ್ದವಾಗಿತ್ತು. ಸಾಲಿನಲ್ಲಿ ಬಂದು ನಮ್ಮಿಬ್ಬರ ತಲೆಯ ಮೇಲೆ ಅಕ್ಷತೆ ಹಾಕಿದರು. ನನ್ನ ಹೆಂಡತಿ ಬಗ್ಗಿ ಅವರ ಕಾಲು ಮುಟ್ಟಿದಳು, ಅವಳಿಗೆ ಏನೂ ಗೊತ್ತಿರಲಿಲ್ಲ. ನಾನೂ ಬಗ್ಗಿದೆ. ಕೈ ಅರ್ಧಕ್ಕೆ ಹೋಗಿ ನಿಂತಿತು. ಅವರು ಅದನ್ನು ನೋಡಿದರು. "ಚಲೋ ಆಗ್ಲಿ" ಎಂದು ಮುಂದೆ ಹೋದರು.

ಊಟದ ಪಂಕ್ತಿಯಲ್ಲಿ ಅವರು ಕೊನೆಗೆ ಕುಳಿತಿದ್ದರು. ಅಕ್ಕ ಹೋಳಿಗೆಯ ಬುಟ್ಟಿ ಹಿಡಿದು ಬಡಿಸುತ್ತ ಬರುತ್ತಿದ್ದಳು. ಅವರ ಮುಂದೆ ಬಂದಾಗ ನಾನು ಅತ್ತಲೇ ನೋಡಿದೆ. ಅಷ್ಟು ಜನರ ನಡುವೆ ಅವಳು ಏನಾದರೂ ಅಂದಾಳು ಎಂಬ ಭಯ ಒಂದು ಕಡೆ, ಅನ್ನಲಿ ಎಂಬ ಆಸೆ ಇನ್ನೊಂದು ಕಡೆ.

"ಹೋಳಿಗಿ ಹಾಕ್ಲೇನ್ರಿ, ಮಾಸ್ತರ್ರ?"

ಅವರು ತಲೆ ಎತ್ತದೆ ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಅಕ್ಕ ಕಾಯುತ್ತ ನಿಂತಳು. ಸ್ವಲ್ಪ ಹೊತ್ತಿಗೆ ಅವರು ಕೈ ತೆಗೆದರು. ಅವಳು ಎರಡು ಹಾಕಿ, ಮೇಲೆ ತುಪ್ಪ ಬಿಟ್ಟು, ಮುಂದಿನ ಎಲೆಗೆ ಹೋದಳು.

ಜನ ಚದುರಿದ ಮೇಲೆ ನಾನು ಅವಳನ್ನು ಕೇಳಿದೆ, ಯಾಕೆ ಬಡಿಸಿದೆ ಎಂದು. ಅವಳು ಪಾತ್ರೆ ಎಣಿಸುತ್ತಿದ್ದಳು. "ಬಡಸಾಕ ನಿಂತಿದ್ದೆ, ಬಡಿಸಿದೆ. ನೀನರ ಕಾಲು ಯಾಕ ಮುಟ್ಟಲಿಲ್ಲ?" ಎಂದಳು.

ನಾನು ಹೊರಗೆ ಬಂದು ನೋಡಿದಾಗ ಮಾಸ್ತರು ಬಸ್ಸಿಗೆಂದು ಆಗಲೇ ಹೊರಟುಹೋಗಿದ್ದರು. ಆಮೇಲೆ ನಾನು ಅವರನ್ನು ನೋಡಲಿಲ್ಲ.